ತೌಡಿನ ಮಡಿಕೆಗೆ ಅಮ್ಮನ ಕೈ

“ಸೌತೆಕಾಯಿ ಚೆನ್ನಾಗೇ ಇದೆ. ಆದ್ರೆ ಅಮ್ಮನ ಥರ ಇಲ್ಲ.”

“ಮಡಿಕೆ ಅಮ್ಮಂದು, ತೌಡೂ ಅಮ್ಮಂದು. ಇನ್ನೇನು ಬೇಕು ನಿಮಗೆ?”

“ಕೈ ಅಮ್ಮಂದಲ್ವಲ್ಲ.”

ಕೊಕುರಾ ಪಟ್ಟಣದ ಗಡಿಯಾರ ರಿಪೇರಿಯ ಕಿಸಾಬುರೊ ತಾಯಿ ತೀರಿಕೊಂಡಾಗಿನಿಂದ ಊಟಕ್ಕೆ ಕೂತಾಗಲೆಲ್ಲ ಈ ಮಾತು ಹೇಳುತ್ತಿದ್ದ. ಸೌತೆಕಾಯಿ, ಮೂಲಂಗಿ ಹೂತಿಟ್ಟು ಹುಳಿ ಬರಿಸುವ ಉಪ್ಪು ಬೆರೆಸಿದ ಅಕ್ಕಿತೌಡಿನೊಳಗೆ ಹೆಂಡತಿ ಇಸೊಕೊ ದಿನವೂ ಮೊಣಕೈವರೆಗೆ ಕೈ ಇಳಿಸಿ ತಿರುವುತ್ತಿದ್ದಳು. ಬಿಟ್ಟರೆ ತೌಡು ಮುನಿಸಿಕೊಂಡು ನಾರುತ್ತದೆ. ಈಗ ಮೆಟ್ಟಿಲಲ್ಲಿ ಜಾರಿ ಅವಳ ಮಣಿಕಟ್ಟು ಉಳುಕಿತ್ತು.

“ನಿಮ್ಮಮ್ಮನ ರಕ್ತ ಹರಿಯೋ ಕೈ ಈ ಮನೇಲಿ ನಿಮ್ಮದೇ. ನಾಳೆಯಿಂದ ಅದನ್ನೇ ಹಾಕಿ,” ಎಂದಳು.

ಕಿಸಾಬುರೊಗೆ ಅದು ಮರ್ಯಾದೆಯ ಮಾತಾಗಿಯೇ ಕೇಳಿಸಿತು. ನೆನಪಾದಾಗ ತಿರುವಿದ, ಉಪ್ಪನ್ನು ಕೈಗೆ ಬಂದಷ್ಟು ಸುರಿದ. ಅಂಗಡಿಗೆ ಬಂದವರು ಅವನ ಬೆರಳಿನ ವಾಸನೆಗೆ ಹಿಂದೆ ಸರಿಯತೊಡಗಿದರು. ಗಡಿಯಾರ ಇಟ್ಟು ಬೇಗ ಹೊರಡುತ್ತಾರೆ, ಚೌಕಾಸಿಯೇ ಇಲ್ಲ ಎಂದು ಅವನು ಹೆಂಡತಿಯ ಮುಂದೆ ಹೇಳಿಕೊಂಡ. ಅವಳು ಒಂದು ಹೋಳು ಮೂಲಂಗಿ ತಿಂದು, ತನಗೆ ಹಸಿವಿಲ್ಲವೆಂದಳು.

ಅಷ್ಟರಲ್ಲಿ ಕಿಸಾಬುರೊನ ಅಕ್ಕ ಮಿಯೊ ಬಂದಳು. ಯಾರು ಮಾಡಿದ್ದೆಂದು ಹೇಳದೆ ಕಿಸಾಬುರೊ ಮೂಲಂಗಿಯ ತಟ್ಟೆ ಮುಂದಿಟ್ಟ. ಅವಳು ಕಚ್ಚಿ, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದಳು.

“ಥೇಟ್ ಅಮ್ಮನ ಕೈರುಚಿ ಕಣೋ.”

ಕಿಸಾಬುರೊ ಹೆಂಡತಿಯ ಕಡೆ ತಿರುಗಿದ. “ಕೇಳಿಸ್ತಾ?”

“ಕೇಳಿಸ್ತು.”

“ಇನ್ನೊಂದ್ ಹೋಳು ಹಾಕ್ಲಾ ಅಕ್ಕ?”

“ಬೇಡಪ್ಪ. ಅಮ್ಮ ಹೋದ್ಮೇಲಾದ್ರೂ ಇದು ತಪ್ಪಿತು ಅಂದ್ಕೊಂಡಿದ್ದೆ.” ಮಿಯೊ ಚಹಾದಲ್ಲಿ ಬಾಯಿ ಮುಕ್ಕಳಿಸಿದಳು. “ಅಪ್ಪ ಇದನ್ನ ದವಡೇಲಿ ಇಟ್ಕೊಂಡು, ಹಿತ್ತಲಿಗೆ ಹೋಗಿ ಉಗಿದು ಬರ್ತಿದ್ರು. ಇಸೊಕೊ ಕೈಗೆ ಮಡಿಕೆ ಬಂದ್ಮೇಲೇ ನಾನು ಈ ಮನೇಲಿ ಮೂಲಂಗಿ ತಿಂದಿದ್ದು.”

ಕಿಸಾಬುರೊ ಒಂದು ಹೋಳು ಬಾಯಿಗಿಟ್ಟ. ಕಣ್ಣಲ್ಲಿ ನೀರು ಬಂತು. ಅಮ್ಮನ ನೆನಪಿಗೋ, ಹುಳಿಗೋ, ಅವನಿಗೇ ತಿಳಿಯಲಿಲ್ಲ.

“ನಾನು ತಿಂತಿದ್ದೆನಲ್ಲ ಅಕ್ಕ. ಕೇಳಿ ಕೇಳಿ ಹಾಕಿಸ್ಕೊಳ್ತಿದ್ದೆ.”

“ನೀನೊಬ್ಬನೇ ತಿಂತಿದ್ದೋನು,” ಎಂದಳು ಮಿಯೊ. “ಅಮ್ಮಂಗೆ ನೀನಂದ್ರೆ ಪ್ರಾಣ. ಇನ್ಯಾತಕ್ಕೆ ಅಷ್ಟು ಪ್ರೀತಿ ಅಂದ್ಕೊಂಡಿದ್ದೆ?”

ಇಸೊಕೊ ತಟ್ಟೆಯನ್ನು ಅವನತ್ತ ಸರಿಸಿದಳು.