ಸದ್ದಾಗದ ಬಾಗಿಲುಗಳ ಮಾಲೀಕರಿಗೆ

ಪ್ರೀತಿ ಅಂತ ಮಾತ್ರ ಹೇಳಬೇಡಿ ಮಾನ್ಯರೇ, ಅದೊಂದನ್ನು ನಾನು ಒಪ್ಪುವುದಿಲ್ಲ. ನಿನ್ನೆ ಎಲ್ಲರ ಮುಂದೆ ನಿಂತು "ಬೇರೆಯವರಿಗಿಂತ ಜಾಸ್ತಿ ಸಂಬಳ ಕೊಡ್ತಿರೋದು ನಿಮ್ಮ ಮೇಲಿನ ಪ್ರೀತಿಗೆ ಕಣ್ರಪ್ಪಾ" ಎಂದು ತಾವು ಅಪ್ಪಣೆ ಕೊಡಿಸಿದಾಗ ನಾನೂ ಚಪ್ಪಾಳೆ ತಟ್ಟಿದೆ. ಮನೆಯ ದಾರಿಯಲ್ಲಿ ಕೈಗೆ ನಾಚಿಕೆಯಾಯಿತು. ಆದ್ದರಿಂದ ತಮಗೂ, ತಮ್ಮ ಮೆತ್ತನೆ ಕುರ್ಚಿಗೂ, ಮೇಸ್ತ್ರಿಯವರ ಗಂಟಲಿಗೂ ನಮಸ್ಕಾರ ಸಲ್ಲಿಸಿ ಬರೆಯುವುದೇನೆಂದರೆ:

ನಾನು ಹತ್ತನೇ ಕ್ಲಾಸಿನವರೆಗೆ ಓದಿದವನು, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಬೇಕರಿ, ಪ್ರೆಸ್ಸು, ಪಂಚರ್ ಅಂಗಡಿ, ಎಲ್ಲವನ್ನೂ ಗೋಡೆ ಅದುರುವ ಹಾಗೆ ಬಾಗಿಲು ಬಡಿದು ಬಿಟ್ಟು ಬಂದವನು. "ಇವನು ಕೆಲಸ ಬಿಟ್ಟ ಅಂತ ಯಾರೂ ಹೇಳೋದೇ ಬೇಡ, ಬೀದಿಗೆಲ್ಲ ಕೇಳ್ಸುತ್ತೆ" ಎಂದು ನನ್ನಕ್ಕ ನಗುತ್ತಿದ್ದಳು. ಅಂಥವನನ್ನು ತಾವು, ಬಾಗಿಲು ಬಡಿಯದಂತೆ ತಡೆಯುವ ಕ್ಲೋಸರುಗಳನ್ನು ಮಾಡುವ ಈ ಕಾರ್ಖಾನೆಗೆ ಸೇರಿಸಿಕೊಂಡು, ಅವುಗಳ ಸಿಲಿಂಡರಿಗೆ ಎಣ್ಣೆ ತುಂಬಲು ಕೂರಿಸಿದಿರಿ. ಎಷ್ಟೇ ಜೋರಾಗಿ ನೂಕಿದರೂ ಆ ಎಣ್ಣೆ ಸಿಟ್ಟನ್ನೆಲ್ಲ ನುಂಗಿ, ಬಾಗಿಲನ್ನು ಬೆಕ್ಕಿನ ಹೆಜ್ಜೆಯಲ್ಲಿ ಮುಚ್ಚಿಸುತ್ತದೆ. ತಾವು ಕೊಡುವ ಸಂಬಳವೂ ಅದೇ ಎಣ್ಣೆ ಎಂದು ನನಗೆ ಹೊಳೆಯಲು ಎರಡು ವರ್ಷ ಹಿಡಿಯಿತು.

ಎಂಥ ಎಣ್ಣೆ, ಮಾನ್ಯರೇ! ಮೇಸ್ತ್ರಿ "ಲೋ ಎಮ್ಮೆ" ಎಂದರೆ ಮೊದಲೆಲ್ಲ ಕೊಂಬು ತೋರಿಸುತ್ತಿದ್ದ ನಾನು, ಈಗ ಕೆಲಸ ಕೇಳಿಕೊಂಡು ಗೇಟಿನ ಹೊರಗೆ ನಿಂತವರ ಸಾಲನ್ನು ಕಿಟಕಿಯಿಂದ ನೋಡಿ "ಹೇಳಿ ಸಾರ್" ಎನ್ನುತ್ತೇನೆ. ಕೆಲಸ ಕದಿಯದಂತೆ ನಮ್ಮನ್ನು ನಾವೇ ಕಾಯುವುದರಿಂದ ಕಾವಲಿನವರನ್ನು ತಾವು ಮನೆಗೆ ಕಳಿಸಿಯಾಯಿತು. ಯಾರೂ ಬಿಟ್ಟು ಹೋಗದ್ದರಿಂದ ಹೊಸಬರಿಗೆ ಕಲಿಸುವ ಖರ್ಚೂ ಇಲ್ಲ, ಅವರು ಕೆಡಿಸುವ ಸಿಲಿಂಡರೂ ಇಲ್ಲ. ಕೊಟ್ಟ ಹೆಸರೂ ಬಂತು, ಉಳಿಸಿದ ಲಾಭವೂ ಬಂತು. ಇದು ಪ್ರೀತಿಯಾದರೆ ಗಾಳಕ್ಕೆ ಸಿಕ್ಕಿಸಿದ ಹುಳವೂ ಮೀನಿನ ಮೇಲಿನ ಪ್ರೀತಿಯೇ.

ಎದುರು ರಸ್ತೆಯ ಲೇಥ್ ವರ್ಕ್‌ಶಾಪಿನ ಮುದುಕ ಕರೆಯುತ್ತಲೇ ಇದ್ದಾನೆ, ಇವತ್ತು ಬೆಳಿಗ್ಗೆಯೂ ಕರೆದ: "ಸಂಬಳ ಅಷ್ಟಕ್ಕಷ್ಟೇ ಕಣಪ್ಪ, ಆದ್ರೆ ಕೈಗೊಂದು ವಿದ್ಯೆ ಹತ್ತುತ್ತೆ. ಇವತ್ತು ಸಂಜೆಯೊಳಗೆ ಬರ್ದಿದ್ರೆ ಬೇರೆಯವನನ್ನ ಇಟ್ಕೋತೀನಿ." ಅವನ ಲೇಥಿನಲ್ಲಿ ತಿರುಗುವ ಕಬ್ಬಿಣ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುವುದನ್ನು ನೋಡಿದಾಗಿನಿಂದ ನನಗೆ ಅದೇ ಹುಚ್ಚು. ಅಕ್ಕನೋ, "ತಿನ್ನೋ ಅನ್ನ ಒದೀತೀಯಲ್ಲೋ!" ಎನ್ನುತ್ತಾಳೆ. ಅವಳದೂ ತಪ್ಪಲ್ಲ, ಕಿಟಕಿಯಿರುವ ಮನೆಗೆ ನಾವು ಬಂದದ್ದು ಇದೇ ಎಣ್ಣೆಯ ಮೇಲೆ ಜಾರಿಕೊಂಡು.

ಹಾಗಾಗಿ ಬಿನ್ನಹ: ನನ್ನೊಬ್ಬನ ಸಂಬಳವನ್ನು ದಯಮಾಡಿ ಮಾರುಕಟ್ಟೆ ದರಕ್ಕೆ ಇಳಿಸಿ, ಬಿಡಲು ಸುಲಭವಾಗಲಿ. ಆಗದಿದ್ದರೆ ನನ್ನ ಹಳೇ ನಾಲಿಗೆಯನ್ನು ಬಾಡಿಗೆಗಾದರೂ ವಾಪಸು ಕೊಡಿ. ಅದೂ ಆಗದಿದ್ದರೆ ಕ್ಲೋಸರ್ ಇಲ್ಲದ ಒಂದೇ ಒಂದು ಬಾಗಿಲನ್ನು ಈ ಕಾರ್ಖಾನೆಯಲ್ಲಿ ಇಡಿಸಿ.

ತಾವು ಯೋಚಿಸಿ ಮುಗಿಸುವಷ್ಟರಲ್ಲಿ ಸಂಜೆಯಾಗಿಬಿಡುತ್ತದೆ. ಅದಕ್ಕೇ ಕೊನೆಯದನ್ನು ನಾನೇ ನೆರವೇರಿಸಿ, ತಮ್ಮ ಕೋಣೆಯ ಕ್ಲೋಸರನ್ನು ಕಳಚಿ ಮೇಜಿನ ಮೇಲಿಟ್ಟಿದ್ದೇನೆ. ಕಾಗದ ಹಾರದಂತೆ ಅದೇ ಭಾರ. ಇನ್ನು ಹೊರಗೆ ಹೋಗಿ ಬಾಗಿಲು ಹಾಕುತ್ತೇನೆ.

ಈ ಸಾಲಿನವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಎಣ್ಣೆ ತುಂಬುತ್ತಿದ್ದವನು

ತಾ.ಕ.: ಪಕ್ಕದ ಕೋಣೆಯಲ್ಲಿ ಊಟಕ್ಕೆ ಕೂತ ತಾವು ಸದ್ದಿಗೆ ಬೆಚ್ಚಿ ತುತ್ತು ಚೆಲ್ಲಿದ್ದರೆ ಕ್ಷಮಿಸಿ, ಅದು ಮಾರುಕಟ್ಟೆ ದರದ ಬಾಗಿಲು. ಎಣ್ಣೆಯ ಡಬ್ಬಿಯನ್ನು ಗೇಟಿನ ಸಾಲಿನಲ್ಲಿ ಮೊದಲು ನಿಂತವನ ಕೈಗೆ ಕೊಟ್ಟು ಹೋಗುತ್ತೇನೆ. ಅವನನ್ನೂ ಪ್ರೀತಿಸಿ.