ಭಾವ ಹುಡುಕಿದ ಕಾಟೇಜು

ನಮ್ಮ ಭಾವ ಪ್ರವಾಸ ಹೋಗುವುದಿಲ್ಲ. ತಮ್ಮ ಅಡುಗೆಮನೆಯನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತಾರೆ! ಕಾರಿನಲ್ಲಿ ಜಾಗ ಉಳಿದರೆ ನಾವೂ ಹೋಗಬಹುದು.

ಭಾವ ಎಂದರೆ ನನ್ನ ಯಜಮಾನರ ಅಣ್ಣ. ಉಡುಪಿಯವರು. ಎಂಬತ್ತರ ದಶಕದ ಆ ದಿನಗಳಲ್ಲಿ ಅಮೆರಿಕದ ಸ್ಯಾನ್ ಹೋಸೆಯ ಕಂಪ್ಯೂಟರ್ ಚಿಪ್ ಕಂಪನಿಯೊಂದರಲ್ಲಿ ದೊಡ್ಡ ಎಂಜಿನಿಯರು. ಆದರೇನು, ಹೊರಗೆ ಒಂದು ಲೋಟ ಕಾಫಿ ಕೊಡಿಸಿದರೆ "ಇದನ್ನು ಮಾಡಿದವನಿಗೆ ಕಾಫಿಯ ಮೇಲೆ ಎಂತ ದ್ವೇಷ ಮಾರಾಯ್ತಿ?" ಎಂದು ಮುಖ ಕಿವುಚುವ ಆಸಾಮಿ. ಅಂಥವರು ಒಂದು ಭಾನುವಾರ ಬಂದು, ಉತ್ತರಕ್ಕೆ ಬೆಟ್ಟಗಳ ನಡುವೆ, ಸರೋವರದ ದಂಡೆಯಲ್ಲಿ ಒಂದು ಕಾಟೇಜು ಗೊತ್ತುಮಾಡಿದ್ದೇನೆ, ಅಡುಗೆ ನಾವೇ ಮಾಡಿಕೊಳ್ಳಬೇಕು, ಎಲ್ಲರೂ ಹೊರಡುವ ಎಂದುಬಿಟ್ಟರು!

ನಾವು ಬೇಡ ಎನ್ನಲಿಲ್ಲ. ಕಾರಣ, ಅಕ್ಕ. ಭಾವನ ಹೆಂಡತಿ, ನನ್ನ ಓರಗಿತ್ತಿ. ಊರಿನಲ್ಲಿ ಅವರ ತಾಯಿ ತೀರಿಕೊಂಡಿದ್ದರು. ಇಲ್ಲಿ ಟಿಕೆಟ್ಟಿಗೆ ಒದ್ದಾಡುವಷ್ಟರಲ್ಲಿ ಅಲ್ಲಿ ಎಲ್ಲ ಮುಗಿದೇ ಹೋಗಿತ್ತು. ಅಂದಿನಿಂದ ಅಕ್ಕನಿಗೆ ಮಾತಿಲ್ಲ, ಕತೆಯಿಲ್ಲ. ನಮ್ಮೆದುರು ಒಂದು ಹನಿ ಕಣ್ಣೀರೂ ಇಲ್ಲ. ತಟ್ಟೆಯ ಅನ್ನವನ್ನು ಬೆರಳಲ್ಲಿ ಅತ್ತಿತ್ತ ಮಾಡಿ ಎದ್ದುಬಿಡುತ್ತಿದ್ದರು. ಹೀಗೇ ಬಿಟ್ಟರೆ ಇವರು ನಮಗೆ ಉಳಿಯುತ್ತಾರಾ ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಸರಿ, ಹೊರಟೆವು. ಕಾರಿನ ಡಿಕ್ಕಿಯಲ್ಲಿ ಕುಕ್ಕರು, ಅಕ್ಕಿ ಮೂಟೆ, ಒಗ್ಗರಣೆ ಸೌಟು, ಹಲಸಿನ ಹಪ್ಪಳ, ಉಪ್ಪಿನಕಾಯಿ ಭರಣಿ.

"ಭಾವ, ಅಲ್ಲೂ ಅಂಗಡಿ ಇರುತ್ತೆ ಅಲ್ವಾ?" ಎಂದೆ.

"ಅಲ್ಲಿ ಇಂಗು ಸಿಗ್ತದಾ?"

ಸ್ಯಾನ್ ಹೋಸೆಯಲ್ಲೇ ಇಂಗಿಗೆ ಪರದಾಡುತ್ತಿದ್ದ ಕಾಲ. ಡಿಕ್ಕಿಯಲ್ಲಿ ಹಿಡಿಸದ ತುರಿಮಣೆ ನನ್ನ ಯಜಮಾನರ ಮಡಿಲೇರಿತು. ಎಮರಿವಿಲ್ ಊರು ದಾಟುವಾಗ ಫ್ರೀವೇಯಲ್ಲಿ ಬ್ರೇಕು ಬಿದ್ದಾಗಲೆಲ್ಲ ಪಾಪ ಆ ಮನುಷ್ಯ ಉಸಿರು ಬಿಗಿಹಿಡಿಯುತ್ತಿದ್ದರು. ಗ್ಯಾಸ್ ಸ್ಟೇಷನ್ನಿನಲ್ಲಿ ಗಾಜು ಒರೆಸಲು ಬಂದ ಹುಡುಗ ಆ ಬಾಗಿದ ಅಲಗು ಕಂಡು ಹಿಂದಕ್ಕೆ ಸರಿದ. ಭಾವ ಕಿಟಕಿಯಿಂದ ತಲೆ ಹೊರಹಾಕಿ, "ಕೋಕೋನಟ್! ಓನ್ಲಿ ಕೋಕೋನಟ್!" ಎಂದು ಅಭಯ ಕೊಟ್ಟರು. ಅವನಿಗೆ ಧೈರ್ಯ ಬಂದಂತೆ ಕಾಣಲಿಲ್ಲ.

ಫ್ರೀವೇ ಮುಗಿಯಿತು. ಡಾಂಬರು ಮುಗಿಯಿತು. ಮನೆಗಳೂ ಮುಗಿದವು. "ಇನ್ನು ಮುಂದೆ ಭೂಮಿ ಇದೆಯಾ ಭಾವ?" ಎಂದರೆ "ಉಂಟುಂಟು" ಎನ್ನುತ್ತ ಸ್ಟೀರಿಂಗ್ ತಿರುಗಿಸಿದರು. ಕೊನೆಗೆ ಸಿಕ್ಕಿತು ಕಾಟೇಜು. ಸುತ್ತ ಪೈನ್ ಮರ, ಮುಂದೆ ನೀರು, ನರಪಿಳ್ಳೆಯ ಸುಳಿವಿಲ್ಲ!

ಬೀಗದ ಕೈ ಕೊಡಲು ಬಂದ ಮಾಲಕಿ ಒಳ್ಳೆಯ ಅಜ್ಜಿ. ದೋಣಿ ತೋರಿಸಿದಳು, ಗಾಳ ತೋರಿಸಿದಳು. ಭಾವ ಒಲೆ ತೋರಿಸಿ ಎಂದರು. ಹೋಗುವಾಗ ಅಜ್ಜಿ ಪ್ರೀತಿಯಿಂದ, ಬೆಳಿಗ್ಗೆ ತಾನೇ ಹಿಡಿದ ದೊಡ್ಡದೊಂದು ಮೀನನ್ನು ಭಾವನ ಕೈಗಿತ್ತಳು. ಮಾಧ್ವ ಸಂಪ್ರದಾಯದ ನಮ್ಮ ಭಾವ! ಎರಡೂ ಕೈಯಲ್ಲಿ ಪ್ರಸಾದದ ಹಾಗೆ ತೆಗೆದುಕೊಂಡು "ಥ್ಯಾಂಕ್ಯೂ" ಎಂದರು. ಅಜ್ಜಿಯ ಕಾರು ಮರೆಯಾದದ್ದೇ ತಡ, ದಡಕ್ಕೆ ಓಡಿ ಅದನ್ನು ನೀರಿಗೆ ಬಿಟ್ಟರು.

"ಅದು ಸತ್ತಿದೆ ಭಾವ!"

"ಆದ್ರೆ ಎಂತ? ಅದರ ಊರಲ್ಲೇ ಇರಲಿ."

ನಾವು ಬಿದ್ದು ಬಿದ್ದು ನಕ್ಕೆವು. ಅಕ್ಕ ಮಾತ್ರ ನಗಲಿಲ್ಲ.

ಮಧ್ಯಾಹ್ನ ಭಾವನದೇ ಅಡುಗೆ. ಕಾದ ಎಣ್ಣೆಗೆ ಸಾಸಿವೆ, ಇಂಗು, ಹಿಡಿ ತುಂಬ ಒಣಮೆಣಸು! ಘಾಟು ಮೇಲೇಳುತ್ತಲೇ ಚಾವಣಿಯ ಹೊಗೆ ಅಲಾರಂ ಕಿರುಚತೊಡಗಿತು. ಭಾವ ಕುರ್ಚಿ ಹತ್ತಿ, ಪಂಚೆಯ ತುದಿಯಿಂದ ಅದಕ್ಕೆ ಗಾಳಿ ಹಾಕುತ್ತ, "ಸುಮ್ಮನಿರು ಮಾರಾಯ, ಒಗ್ಗರಣೆ ಅದು, ಬೆಂಕಿ ಅಲ್ಲ!" ಎಂದು ಕನ್ನಡದಲ್ಲೇ ತಿಳಿಹೇಳಿದರು. ಕ್ಯಾಲಿಫೋರ್ನಿಯಾದ ಅಲಾರಂ, ಅದಕ್ಕೇನು ಅರ್ಥವಾಗಬೇಕು? ಕೊನೆಗೆ ಬ್ಯಾಟರಿ ಕಿತ್ತರು.

ಎಲ್ಲರಿಗೂ ಕೆಮ್ಮು, ಕಣ್ಣು ಮೂಗೆಲ್ಲ ನೀರು. ನಮ್ಮ ಕೆಮ್ಮು ನಿಂತಿತು. ಅಕ್ಕನ ಕಣ್ಣೀರು ನಿಲ್ಲಲಿಲ್ಲ. ನೋಡನೋಡುತ್ತಿದ್ದಂತೆ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತು, "ಅಮ್ಮಾ" ಎಂದು ಗೋಳೋ ಎಂದು ಅತ್ತುಬಿಟ್ಟರು. ಆ ದನಿ ಸರೋವರದ ಆಚೆಗೂ ಹೋಗಿರಬೇಕು. ನಾನು ಹತ್ತಿರ ಹೋಗಲಿದ್ದೆ. ಭಾವ ಕೈ ಅಡ್ಡ ಇಟ್ಟು ನಮ್ಮನ್ನು ಹೊರಗೆ ಕರೆತಂದರು.

"ಅಳಲಿ. ಬಿಡಿ. ಅಪಾರ್ಟ್‌ಮೆಂಟಿನಲ್ಲಿ ಪಕ್ಕದವ ಸೀನಿದ್ರೂ ನಮಗೆ ಕೇಳ್ತದೆ. ಇವಳು ಬಚ್ಚಲಲ್ಲಿ ನಲ್ಲಿ ಬಿಟ್ಟು, ಬಾಯಿಗೆ ಸೆರಗು ತುರುಕಿಕೊಂಡು ಅಳ್ತಿದ್ಳು. ತಾಯಿ ಹೋದ್ರೆ ಹಾಗೆ ಅಳುದಾ?" ಭಾವ ನೀರಿನ ಕಡೆ ಮುಖ ತಿರುಗಿಸಿದರು. "ಗಟ್ಟಿಯಾಗಿ ಅಳ್ಲಿಕ್ಕೆ ಒಂದು ಜಾಗ ಬೇಕಿತ್ತು. ಅದಕ್ಕೇ ಹುಡುಕಿದ್ದು."

ಮೆಟ್ಟಿಲ ಮೇಲೆ ಮೂವರೂ ನೀರು ನೋಡುತ್ತ ಕೂತೆವು. ಒಳಗಿನ ದನಿ ಏರಿತು, ಇಳಿಯಿತು, ಬಹಳ ಹೊತ್ತಿನ ಮೇಲೆ ನಿಂತಿತು. ಭಾವ ಒಳಗೆ ಹೋಗಿ, ನೆಲದ ಮೇಲೆ ಅಕ್ಕನ ಪಕ್ಕದಲ್ಲೇ ಕೂತು ಅನ್ನಕ್ಕೆ ಸಾರು ಬಡಿಸಿದರು. ಅಕ್ಕ ಮುಖ ಒರೆಸಿಕೊಂಡು ಒಂದು ತುತ್ತು ತಿಂದರು. ಇನ್ನೊಂದು ತಿಂದರು. ಆಮೇಲೆ ಗಂಡನನ್ನು ದುರುಗುಟ್ಟಿ ನೋಡಿದರು.

"ಇದೆಂತ ಸಾರು? ಉಪ್ಪು ಜಾಸ್ತಿ."

ಅಡುಗೆಯ ಬಗ್ಗೆ ಒಂದು ಮಾತೂ ಸಹಿಸದ ನಮ್ಮ ಭಾವ ಕೈಯಲ್ಲಿ ಸೌಟು ಹಿಡಿದು, ಕಣ್ತುಂಬಿಕೊಂಡು ಕೇಳಿದರು:

"ಎಂತ ಹೇಳಿದ್ದು? ಇನ್ನೊಮ್ಮೆ ಹೇಳು."