ಒಂದು ಲಕ್ಷದ ಮೂರು ಹಂಚು

ಗಣಿತ ಕಲಿತವನಿಗೆ ಮಂಗಳೂರಿನಲ್ಲಿ ಇಂಥ ಅವಮಾನಗಳು ಆಗುತ್ತಲೇ ಇರುತ್ತವೆ. ಕಲಿಯದವನಿಗೆ ಬಡ್ತಿ ಆಗುತ್ತದೆ. ಕೂಳೂರು ಹೊಳೆಯ ಬದಿಯ ಹಂಚಿನ ಕಾರ್ಖಾನೆಯೊಂದರಲ್ಲಿ ನಾನು ಹನ್ನೊಂದು ವರ್ಷ ಗುಮಾಸ್ತನಾಗಿದ್ದೆ. ಹೆಡ್ ಗುಮಾಸ್ತರ ಕುರ್ಚಿ ಖಾಲಿಯಾದಾಗ, ಅದು ನನಗೇ ಎಂದು ಹೆಂಡತಿಗೆ ಹೇಳಿಯೂ ಆಗಿತ್ತು.

1. ಮುನ್ನೂರ ಹದಿನಾರು

ಲಕ್ಷ ಹಂಚಿಗೆ ಆರ್ಡರು ಬಂತು. ದಾರಿಯಲ್ಲಿ ಒಡೆದೀತೆಂದು ಮೆನೇಜರರು ಮೂರು ಹೆಚ್ಚು ಸೇರಿಸಿದರು; ಅವರ ಔದಾರ್ಯ ಅಷ್ಟು. ಮಚುವೆ ದೋಣಿಗೆ ಏರಿಸುವ ಮುಂಚೆ ಹಂಚುಗಳನ್ನು ಅಂಗಳದಲ್ಲಿ ಸಮ ಸಾಲುಗಳಲ್ಲಿ ನಿಲ್ಲಿಸಬೇಕು, ಒಂದೂ ಉಳಿಯಬಾರದು ಎಂಬುದು ಅವರ ಕಾನೂನು. ಎಷ್ಟು ಸಾಲು ಎಂದು ಹೇಳುವುದು ನನ್ನ ಕೆಲಸ.

ಎರಡು ದಿನ ಭಾಗಿಸಿದೆ. "ಇದು ಅವಿಭಾಜ್ಯ ಸಂಖ್ಯೆ ಸಾರ್. ಯಾವುದರಿಂದಲೂ ಭಾಗ ಹೋಗುವುದಿಲ್ಲ" ಎಂದೆ.

"ಎಲ್ಲಿವರೆಗೆ ನೋಡಿದಿರಿ?"

"ಮುನ್ನೂರ ಹದಿನಾರರವರೆಗೆ. ಅದಕ್ಕಿಂತ ದೊಡ್ಡದರಿಂದ ಹೋಗುವುದಿದ್ದರೆ ಅದರ ಜೋಡಿಯ ಚಿಕ್ಕದು ಮೊದಲೇ ಸಿಗುತ್ತಿತ್ತು."

"ಎಂತ ಮಾರಾಯ್ರೆ! ಲಕ್ಷ ಉಂಟು, ನೀವು ಮುನ್ನೂರಕ್ಕೇ ಕೈ ತೊಳೆದುಕೊಂಡಿರಾ?"

ನನ್ನ ಹೆಸರಿನ ಮುಂದೆ 'ಮೈಗಳ್ಳ' ಎಂದು ಬರೆದರು.

2. ಮೂರು ಹಂಚು

ಹಂಚು ಹೊರುವ ಹೆಂಗಸೊಬ್ಬಳು, "ಅಣ್ಣೇರೆ, ಹೆಚ್ಚಿನ ಮೂರನ್ನು ತೆಗೆದಿಟ್ಟರೆ ಆಗುವುದಿಲ್ವಾ?" ಎಂದಳು. ಎಷ್ಟು ಸುಲಭ! ನನ್ನ ಅಡುಗೆಮನೆಯ ಮಾಡು ಸೋರುತ್ತಿತ್ತು. ಆ ಮೂರನ್ನು ನನಗೆ ಕೊಡಿ ಎಂದು ಮೆನೇಜರರನ್ನು ಕೇಳಿಬಿಟ್ಟೆ.

"ಕಂಪೆನಿಯ ಮಾಲಿನ ಮೇಲೆ ಕಣ್ಣಾ? ಒಂದು ಹಂಚು ಕಡಿಮೆಯಾದರೂ ನಿಮ್ಮನ್ನೇ ಹಿಡಿಯುತ್ತೇನೆ!"

ಹಂಚಿನ ಕಾರ್ಖಾನೆಯ ಗುಮಾಸ್ತನ ಮನೆಯಲ್ಲಿ ಆ ಸಂಜೆಯೂ ಕೊಡೆಯ ಕೆಳಗೇ ಸಾರು ಕುದಿಯಿತು.

3. ಪೂರ್ತಿ ಕೆಲಸ

ಲೆಕ್ಕವನ್ನು ಮೆನೇಜರರ ಹೆಂಡತಿಯ ತಮ್ಮನಿಗೆ ವಹಿಸಿದರು. ಆತ ಎರಡರಿಂದ ಹಿಡಿದು ಒಂದೊಂದೇ ಸಂಖ್ಯೆಯಿಂದ ಮೂರು ತಿಂಗಳು ಭಾಗಿಸಿದ. ಮಚುವೆ ಕಾಯಿತು. ಕೊನೆಗೊಂದು ದಿನ ಕುಣಿಯುತ್ತಾ ಬಂದ.

"ಸಿಕ್ಕಿತು ಭಾವ! ಒಂದು ಲಕ್ಷದ ಮೂರರಿಂದ ಭಾಗಿಸಿದರೆ ಶೇಷವೇ ಇಲ್ಲ!"

ಮೆನೇಜರರು ನನ್ನ ಕಡೆ ತಿರುಗಿದರು. "ನೋಡಿದಿರಾ? ಹೋಗುವುದೇ ಇಲ್ಲ ಅಂದಿರಲ್ಲ!"

ಕುರ್ಚಿ ಅವನದಾಯಿತು. ನಾನು ಅವನಿಗೆ ಕೈ ಮುಗಿದೆ.

4. ಒಂದೇ ಸಾಲು

ಹೊಸ ಹೆಡ್ ಗುಮಾಸ್ತರ ಮೊದಲ ಆಜ್ಞೆ: ಒಂದೇ ಸಾಲು, ಸಾಲಿನಲ್ಲಿ 1,00,003 ಹಂಚು. ಸಾಲು ಅಂಗಳ ದಾಟಿತು, ಗೇಟು ದಾಟಿತು, ರಸ್ತೆ ಹಿಡಿದು ದೋಣಿ ಕಡವಿನವರೆಗೆ ಹೋಯಿತು. ಮರುದಿನ ಎಣಿಸಿದರೆ ಒಂದು ಕಡಿಮೆ. ದಾರಿಹೋಕರು ಯಾರೋ ಎತ್ತಿಕೊಂಡಿದ್ದರು. ನಿಂತಲ್ಲೇ ಭಾಗಿಸಿದೆ. ನನಗೆ ಖುಷಿ ತಡೆಯಲಾಗಲಿಲ್ಲ, ಓಡಿದೆ.

"ಸಾರ್, ಒಂದು ಹಂಚು ಕಳವಾಗಿದೆ! ಇನ್ನು ಸರಿಯಾಗಿ ಆರು ಸಾಲು, ಸಾಲಿಗೆ 16,667!"

ಹೆಡ್ ಗುಮಾಸ್ತರು ನನ್ನನ್ನೇ ದಿಟ್ಟಿಸಿದರು. "ಒಂದು ತೆಗೆದರೆ ಸಮ ಆಗ್ತದೆ ಅಂತ ಈ ಕಾರ್ಖಾನೆಯಲ್ಲಿ ಬೇರೆ ಯಾರಿಗೆ ಗೊತ್ತುಂಟು ಮಾರಾಯ್ರೆ? ಕದ್ದದ್ದು ನೀವೇ."

ಸಂಜೆ ಕಾರ್ಖಾನೆಯ ಇಬ್ಬರು ಆಳುಗಳು ಬಂದು ನನ್ನ ಅಡುಗೆಮನೆಯ ಮಾಡು ಹತ್ತಿ ಹುಡುಕಿದರು. ಆ ಹಂಚು ಸಿಗಲಿಲ್ಲ. ಇಳಿಯುವಾಗ ಇನ್ನೂ ಮೂರು ಒಡೆದರು.